ಗಣಿಯೊಳಗಿನ ದೀಪ: ಬೆಂಕಿ ಹೊತ್ತಲು ಏನೆಲ್ಲ ಬೇಕು ಎಂಬ ಪ್ರಶ್ನೆಯ ಚರಿತ್ರೆ

ಬೆಂಕಿ ಉರಿಯಲು ಇಂಧನ, ಗಾಳಿ, ಕಾವು ಮೂರೂ ಬೇಕೆಂದು ಶಾಲೆಯ ವಿಜ್ಞಾನ ಪುಸ್ತಕಗಳು ಹೇಳುತ್ತವೆ. ಮೂರನ್ನೂ ಒಂದು ತ್ರಿಕೋನದ ಮೂರು ಬಾಹುಗಳಾಗಿ ಬರೆದು ತೋರಿಸುತ್ತವೆ. ಮಾತು ತಪ್ಪಲ್ಲ, ಆದರೆ ಸಾಲದು. ಮೂರೂ ಒಂದೇ ಕಡೆ ಇದ್ದು ಬೆಂಕಿ ಹೊತ್ತದ ಸಂದರ್ಭಗಳು ಬೇಕಾದಷ್ಟಿವೆ. ಗಾಳಿಯಲ್ಲಿ ಶೇ. 3ರಷ್ಟು ಮೀಥೇನ್ ಬೆರೆತಿದ್ದರೆ ಅದರೊಳಗೆ ಉರಿಯುವ ಕಡ್ಡಿ ಹಿಡಿದರೂ ಸ್ಫೋಟವಾಗದು. ಶೇ. 20ರಷ್ಟಿದ್ದರೂ ಆಗದು. ಶೇ. 9 ಅಥವಾ 10ರಷ್ಟಿದ್ದರೆ ಮಾತ್ರ ಒಂದು ಸಣ್ಣ ಕಿಡಿಗೆ ಸುರಂಗಕ್ಕೆ ಸುರಂಗವೇ ಸಿಡಿದುಹೋಗುತ್ತದೆ. ಅಂಥ ಉಗ್ರ ಮಿಶ್ರಣದ ಉರಿಯೂ ಎರಡು ಮಿಲಿಮೀಟರಿಗಿಂತ ಕಿರಿದಾದ ಸಂದಿಗೆ ಬಂದಾಗ ಮುಂದೆ ಹೋಗಲಾರದೆ ಆರುತ್ತದೆ. ಏನೇನು ಬೇಕು ಎಂದು ಕೇಳಿದರೆ ಮುಗಿಯಲಿಲ್ಲ. ಎಷ್ಟೆಷ್ಟು ಬೇಕು, ಎಷ್ಟು ಹೊತ್ತು ಬೇಕು, ಎಷ್ಟು ಜಾಗ ಬೇಕು ಎಂದೂ ಕೇಳಬೇಕು.

ದಹನದ ಚರಿತ್ರೆ ಬರೆದವರು ಸಾಮಾನ್ಯವಾಗಿ ಆಮ್ಲಜನಕದ ಶೋಧಕ್ಕೆ ಬಂದು ನಿಲ್ಲುತ್ತಾರೆ. ಪ್ರೀಸ್ಟ್ಲಿ, ಶೀಲೆ, ಲವಾಸಿಯೆ ಆದ ಮೇಲೆ ಉಳಿದದ್ದು ವಿವರ ಮಾತ್ರ ಎಂಬ ಭಾವನೆ ಅಲ್ಲಿದೆ. ನನ್ನ ವಾದ ಬೇರೆ. ಆಮ್ಲಜನಕ ಗೊತ್ತಾದ ಮೇಲೂ ಬೆಂಕಿ ಏಕೆ ಹೊತ್ತುತ್ತದೆ, ಏಕೆ ಹೊತ್ತುವುದಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆ ತಿಳಿವಳಿಕೆಯ ಬಹುಪಾಲು ಬಂದದ್ದು ಬೆಂಕಿ ಹೊತ್ತದಿರಲಿ ಎಂದು ಹಗಲಿರುಳು ಬಯಸಿದ ಕಲ್ಲಿದ್ದಲು ಗಣಿಗಳ ಜಗತ್ತಿನಿಂದ. ಪ್ರಯೋಗಾಲಯ ಅದಕ್ಕೆ ಉಪಕರಣ ಒದಗಿಸಿತು. ಪ್ರಶ್ನೆಯನ್ನು ಮುಂದಿಟ್ಟದ್ದು ಗಣಿಯ ಸಾವುಗಳು.

ಫೆಲಿಂಗ್, 1812

ಇಂಗ್ಲೆಂಡಿನ ಈಶಾನ್ಯದಲ್ಲಿ, ಟೈನ್ ನದಿಯ ದಕ್ಷಿಣಕ್ಕಿರುವ ಫೆಲಿಂಗ್ ಗಣಿಯಲ್ಲಿ 1812ರ ಮೇ 25ರಂದು ಅನಿಲ ಸ್ಫೋಟಿಸಿ 92 ಮಂದಿ ಸತ್ತರು. ಸತ್ತವರಲ್ಲಿ ಚಿಕ್ಕ ಹುಡುಗರೂ ಬಹಳ ಮಂದಿ ಇದ್ದರು. ಒಳಗೆ ಕಲ್ಲಿದ್ದಲಿಗೇ ಬೆಂಕಿ ಹತ್ತಿತ್ತು. ಅದನ್ನು ಆರಿಸಲು ಗಣಿಯ ಬಾವಿಗಳ ಬಾಯಿಯನ್ನೇ ಮುಚ್ಚಿ ಗಾಳಿ ತಡೆದರು. ಒಳಗೆ ಯಾರಾದರೂ ಬದುಕಿರಬಹುದೆಂದು ಆಸೆಯಿಂದಿದ್ದ ಮನೆಯವರು ಇದನ್ನು ವಿರೋಧಿಸಿದರು. ಗಾಳಿ ಇಲ್ಲದೆ ಬೆಂಕಿ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ ಎಂಬ ಹಳೆಯ ತಿಳಿವಳಿಕೆಯ ಕ್ರೂರ ಮುಖ ಅದು. ಜುಲೈ 8ರಂದು ಬಾವಿಯನ್ನು ಮತ್ತೆ ತೆರೆದು ಶವಗಳನ್ನು ಹೊರತೆಗೆಯತೊಡಗಿದರು.

ಆ ಊರಿನ ಪಾದ್ರಿ ಜಾನ್ ಹಾಡ್ಜ್‌ಸನ್ ಈ ದುರಂತದ ವಿವರವಾದ ವರದಿ ಬರೆದು ಅಚ್ಚು ಹಾಕಿಸಿದ. ಗಣಿ ಮಾಲೀಕರಿಗೆ ಇಂಥ ಸುದ್ದಿ ಹೊರಗೆ ಹೋಗುವುದು ಇಷ್ಟವಿರಲಿಲ್ಲ. ಹಾಡ್ಜ್‌ಸನ್ ಅದನ್ನು ಲೆಕ್ಕಕ್ಕಿಡಲಿಲ್ಲ. ಮುಂದೆ 1813ರಲ್ಲಿ ಸಂಡರ್‌ಲೆಂಡಿನಲ್ಲಿ ಗಣಿ ಅಪಘಾತಗಳನ್ನು ತಡೆಯುವ ಉದ್ದೇಶದ ಒಂದು ಸಂಘ ಹುಟ್ಟಿತು. ಆ ಸಂಘವೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ನೆರವು ಕೋರಿತು. ದಹನ ವಿಜ್ಞಾನದ ಚರಿತ್ರೆಯಲ್ಲಿ ಹಾಡ್ಜ್‌ಸನ್ನನ ಹೆಸರು ಅಡಿಟಿಪ್ಪಣಿಗಷ್ಟೇ ಸೀಮಿತವಾಗಿರುವುದು ಅನ್ಯಾಯ. ಅವನ ವರದಿ ಇಲ್ಲದಿದ್ದರೆ ಆ ಸಂಘ ಅಷ್ಟು ಬೇಗ ಹುಟ್ಟುತ್ತಿರಲಿಲ್ಲ. ಡೇವಿಗೆ ಪರೀಕ್ಷೆಗೆಂದು ಗಣಿಯ ಅನಿಲವನ್ನು ಶೀಷೆಗಳಲ್ಲಿ ತುಂಬಿ ಕಳಿಸಿಕೊಟ್ಟವನೂ ಅವನೇ.

ಅದಕ್ಕೆ ಮೊದಲು ಗಣಿಯಲ್ಲಿ ಬೆಳಕು ಹೇಗಿತ್ತು? ಹೆಚ್ಚಾಗಿ ಮೇಣದಬತ್ತಿ. ಅನಿಲ ಶೇಖರವಾದ ಕಡೆ ಒಬ್ಬ ಕೆಲಸಗಾರ ಒದ್ದೆ ಬಟ್ಟೆ ಸುತ್ತಿಕೊಂಡು, ನೆಲಕ್ಕೆ ಮೈಯಂಟಿಸಿ ತೆವಳುತ್ತಾ ಹೋಗಿ, ಉದ್ದ ಕೋಲಿನ ತುದಿಗೆ ಕಟ್ಟಿದ ಬತ್ತಿಯಿಂದ ಚಾವಣಿಯ ಅನಿಲಕ್ಕೆ ಬೇಕೆಂದೇ ಬೆಂಕಿ ಹಚ್ಚುತ್ತಿದ್ದ. ಮೀಥೇನ್ ಗಾಳಿಗಿಂತ ಹಗುರ. ಅದು ಮೇಲೆ ಕೂಡುತ್ತದೆ, ಉರಿ ತಲೆಯ ಮೇಲೆ ಹಾದುಹೋಗುತ್ತದೆ ಎಂಬ ಲೆಕ್ಕ. ಫ್ರಾನ್ಸಿನ ಗಣಿಗಳಲ್ಲಿ ಅವನನ್ನು ಪ್ರಾಯಶ್ಚಿತ್ತ ಮಾಡುವವನೆಂದು ಕರೆಯುತ್ತಿದ್ದರು. ಬತ್ತಿ ಒಯ್ಯಲಾಗದ ಕಡೆ ಚಕಮಕಿ ಯಂತ್ರ ಬಂತು: ಒಬ್ಬ ಹುಡುಗ ಹಲ್ಲಿನ ಚಕ್ರ ತಿರುಗಿಸಿ ಉಕ್ಕಿನ ಬಿಲ್ಲೆಗೆ ಚಕಮಕಿ ಕಲ್ಲು ಒತ್ತುತ್ತಿದ್ದ, ಉದುರುವ ಕಿಡಿಗಳ ಬೆಳಕಿನಲ್ಲಿ ಉಳಿದವರು ಕಲ್ಲಿದ್ದಲು ಕಡಿಯುತ್ತಿದ್ದರು. ವೈಟ್‌ಹೇವನ್ ಗಣಿಯ ಕಾರ್ಲೈಲ್ ಸ್ಪೆಡಿಂಗ್ ರೂಪಿಸಿದ ಈ ಯಂತ್ರದ ಕಿಡಿಗೆ ಅನಿಲ ಹೊತ್ತುವುದಿಲ್ಲವೆಂದು ನಂಬಿದ್ದರು. ಎಷ್ಟೋ ಸಲ ಹೊತ್ತುತ್ತಿರಲಿಲ್ಲ, ಕೆಲವು ಸಲ ಹೊತ್ತುತ್ತಿತ್ತು. ಕಿಡಿ ಕೆಂಪಾಗಿಯೇ ಇರುತ್ತಿತ್ತು, ಅನಿಲವೂ ಅದೇ. ಆದರೂ ಫಲ ಬೇರೆ ಬೇರೆ. ಈ ವ್ಯತ್ಯಾಸವನ್ನು ವಿವರಿಸುವ ಶಕ್ತಿ ಆ ಕಾಲದ ಯಾವ ಸಿದ್ಧಾಂತಕ್ಕೂ ಇರಲಿಲ್ಲ.

ಆಮ್ಲಜನಕ ಹೇಳಿದ್ದು, ಹೇಳದೆ ಬಿಟ್ಟದ್ದು

ಜರ್ಮನಿಯ ಸ್ಟಾಲ್ ಪ್ರಚಾರಕ್ಕೆ ತಂದ ಫ್ಲೋಜಿಸ್ಟನ್ ಸಿದ್ಧಾಂತದ ಪ್ರಕಾರ ಉರಿಯುವ ವಸ್ತುವಿನಿಂದ ಏನೋ ಒಂದು ಹೊರಗೆ ಹೋಗುತ್ತದೆ. 1774ರ ಆಗಸ್ಟ್ 1ರಂದು ಜೋಸೆಫ್ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮಕ್ಕೆ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ಹೊರಟ ಅನಿಲದಲ್ಲಿ ಮೇಣದಬತ್ತಿ ಅಬ್ಬರದಿಂದ ಉರಿದದ್ದನ್ನು ಕಂಡ. ಸ್ವೀಡನ್ನಿನ ಶೀಲೆ ಅದಕ್ಕೂ ಮೊದಲೇ ಆ ಅನಿಲವನ್ನು ಪಡೆದಿದ್ದ. ಅವನ ಪುಸ್ತಕ ಹೊರಬಂದದ್ದು 1777ರಲ್ಲಿ. ಏನೂ ಹೊರಗೆ ಹೋಗುವುದಿಲ್ಲ, ಗಾಳಿಯ ಒಂದು ಅಂಶ ಬಂದು ಸೇರುತ್ತದೆ ಎಂದು ತಕ್ಕಡಿಯಿಂದ ತೋರಿಸಿದವನು ಲವಾಸಿಯೆ. 1789ರ ಅವನ ಗ್ರಂಥದಿಂದ ರಸಾಯನ ವಿಜ್ಞಾನ ಹೊಸದಾಗಿ ಶುರುವಾಯಿತು ಎನ್ನುವುದು ಉತ್ಪ್ರೇಕ್ಷೆಯಲ್ಲ.

ಆದರೆ ಲವಾಸಿಯೆಯ ತಕ್ಕಡಿ ಹೇಳಿದ್ದು ಉರಿದ ಮೇಲೆ ಏನಾಯಿತು ಎಂಬುದನ್ನು. ಉರಿ ಹತ್ತುವ ಕ್ಷಣದ ಬಗ್ಗೆ ಅದು ಮೌನವಾಗಿತ್ತು. ಮರ, ಎಣ್ಣೆ, ಕಲ್ಲಿದ್ದಲು ಸದಾ ಆಮ್ಲಜನಕದ ನಡುವೆಯೇ ಇರುತ್ತವೆ. ಅವು ತಾವಾಗಿ ಹೊತ್ತಿಕೊಳ್ಳದೆ ಇರುವುದೇಕೆ?

ಗಣಿ ಅನಿಲದ ಗುರುತು ಹಿಡಿಯುವ ಕೆಲಸ ಮೊದಲಾದದ್ದು ಇಟಲಿಯಲ್ಲಿ. ಅಲೆಸ್ಸಾಂಡ್ರೊ ವೋಲ್ಟಾ 1776ರ ನವೆಂಬರಿನಲ್ಲಿ ಮಜೊರೆ ಸರೋವರದ ಜೊಂಡಿನ ಕೆಸರನ್ನು ಕೋಲಿನಿಂದ ಕದಡಿ, ಮೇಲೇಳುವ ಗುಳ್ಳೆಗಳನ್ನು ಶೀಷೆಯಲ್ಲಿ ಹಿಡಿದು, ಅದು ಉರಿಯುವ ಅನಿಲವೆಂದು ಕಂಡುಕೊಂಡ. ಗಾಳಿಯೊಡನೆ ಬೆರೆಸಿ ವಿದ್ಯುತ್ ಕಿಡಿಯಿಂದ ಅದನ್ನು ಸಿಡಿಸಿದ. ಜೌಗುನೆಲದ ಈ ಅನಿಲವೂ ಕಲ್ಲಿದ್ದಲು ಗಣಿಯವರು ಫೈರ್‌ಡ್ಯಾಂಪ್ ಎನ್ನುತ್ತಿದ್ದ ಅನಿಲವೂ ಒಂದೇ ಎಂಬುದನ್ನು ಮುಂದೆ ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ವಿಶ್ಲೇಷಿಸಿ ತಿಳಿಸಿದ. ನಾವು ಮೀಥೇನ್ ಎನ್ನುವುದು ಇದನ್ನೇ.

ಡೇವಿಯ ಕೆಲವು ತಿಂಗಳುಗಳು

1815ರ ಆಗಸ್ಟಿನಲ್ಲಿ ಡೇವಿ ಟೈನ್ ಪ್ರದೇಶಕ್ಕೆ ಬಂದ. ವಾಲ್ಸೆಂಡ್ ಗಣಿಯ ಅನುಭವಿ ಮೇಲ್ವಿಚಾರಕ ಜಾನ್ ಬಡಲ್‌ನೊಡನೆ ಮಾತಾಡಿದ. ಲಂಡನ್ನಿಗೆ ಮರಳಿ ಹಾಡ್ಜ್‌ಸನ್ ಕಳಿಸಿದ ಅನಿಲದೊಡನೆ ಕೆಲಸಕ್ಕೆ ಕೂತ. ಅವನ ಸಹಾಯಕ್ಕಿದ್ದ ಇಪ್ಪತ್ತನಾಲ್ಕರ ಹುಡುಗ ಮೈಕೆಲ್ ಫ್ಯಾರಡೆ. ನವೆಂಬರ್ 9ರಂದು ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಓದುವ ಹೊತ್ತಿಗೆ ಅವನ ಬಳಿ ದಹನದ ಬಗ್ಗೆ ಹಿಂದೆ ಯಾರಲ್ಲೂ ಇರದಷ್ಟು ಅಂಕಿಗಳಿದ್ದವು.

ಮೊದಲು ಪ್ರಮಾಣದ ಪ್ರಶ್ನೆ. ಒಂದು ಪಾಲು ಅನಿಲಕ್ಕೆ ಏಳೆಂಟು ಪಾಲು ಗಾಳಿ ಸೇರಿದಾಗ ಸ್ಫೋಟ ಅತ್ಯಂತ ಉಗ್ರ. ಗಾಳಿ ಹದಿನೈದು ಪಾಲಾದರೆ ಸ್ಫೋಟವಿಲ್ಲ. ಅಲ್ಲಿಟ್ಟ ಬತ್ತಿಯ ಜ್ವಾಲೆ ಮಾತ್ರ ದೊಡ್ಡದಾಗುತ್ತದೆ. ಇಂದಿನ ಲೆಕ್ಕದಲ್ಲಿ ಮೀಥೇನಿನ ಒಂದು ಅಣುವಿಗೆ ಆಮ್ಲಜನಕದ ಎರಡು ಅಣು ಬೇಕು. ಗಾಳಿಯಲ್ಲಿ ಆಮ್ಲಜನಕ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಹಾಗಾಗಿ ಒಂದು ಪಾಲು ಮೀಥೇನಿಗೆ ಸುಮಾರು ಒಂಬತ್ತೂವರೆ ಪಾಲು ಗಾಳಿ ಸರಿಹೋಗುತ್ತದೆ. ಡೇವಿಯ ಅಂಕಿ ಇದಕ್ಕಿಂತ ಸ್ವಲ್ಪ ಕಡಿಮೆ. ಗಣಿಯಿಂದ ತಂದ ಮಾದರಿಯಲ್ಲಿ ಬೇರೆ ಅನಿಲಗಳೂ ಬೆರೆತಿರುವುದು ಸಹಜ. ವ್ಯತ್ಯಾಸಕ್ಕೆ ಅದೂ ಒಂದು ಕಾರಣವಾಗಿದ್ದೀತು.

ಎರಡನೆಯದು ಕಾವಿನ ಪ್ರಶ್ನೆ. ಕೆಂಪಗೆ ಕಾಯಿಸಿದ ಕಬ್ಬಿಣವನ್ನೋ ನಿಗಿನಿಗಿ ಕೆಂಡವನ್ನೋ ಹಿಡಿದರೆ ಜಲಜನಕ ಹೊತ್ತಿಕೊಳ್ಳುತ್ತದೆ, ಮೀಥೇನ್ ಹೊತ್ತಿಕೊಳ್ಳುವುದಿಲ್ಲ. ಅದಕ್ಕೆ ಬಿಳಿಕಾವಿನ ಕಬ್ಬಿಣ ಬೇಕು, ಇಲ್ಲವೆ ನೇರ ಜ್ವಾಲೆ ಬೇಕು. ಚಕಮಕಿ ಯಂತ್ರದ ಒಗಟು ಇಲ್ಲಿ ಅರ್ಧ ಬಿಡಿಸಿತು. ಉರಿಯುವ ಅನಿಲಗಳಲ್ಲಿ ಮೀಥೇನ್ ಸುಲಭಕ್ಕೆ ಹೊತ್ತುವ ಜಾತಿಯದಲ್ಲ. ಗಣಿಯ ಕೆಲಸಗಾರರು ಅಷ್ಟಾದರೂ ಬದುಕಿ ಬಂದದ್ದು ಆ ಅನಿಲದ ಈ ಮೊಂಡುತನದಿಂದ.

ಮೂರನೆಯದು ಅಡ್ಡಿಯ ಪ್ರಶ್ನೆ. ಸ್ಫೋಟಿಸಬಲ್ಲ ಏಳು ಪಾಲು ಮಿಶ್ರಣಕ್ಕೆ ಒಂದು ಪಾಲು ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ಸ್ಫೋಟ ನಿಲ್ಲುತ್ತದೆ. ಸಾರಜನಕವಾದರೆ ಆರಕ್ಕೆ ಒಂದು ಪಾಲು ಬೇಕು. ಆಮ್ಲಜನಕ ಇದ್ದೇ ಇದೆ, ಇಂಧನವೂ ಇದೆ. ಆದರೂ ಉರಿ ಇಲ್ಲ. ಉರಿಯಲ್ಲಿ ಪಾಲ್ಗೊಳ್ಳದ ಅನಿಲ ಕಾವನ್ನು ತಾನು ಹೀರಿಕೊಂಡು ಪಕ್ಕದ ಪದರವನ್ನು ತಣ್ಣಗಿಡುತ್ತದೆ.

ನಾಲ್ಕನೆಯ ಪ್ರಯೋಗ ಎಲ್ಲಕ್ಕಿಂತ ಮುಖ್ಯ. ಕಾಲು ಇಂಚು ಅಗಲ, ಒಂದು ಅಡಿ ಉದ್ದದ ಗಾಜಿನ ಕೊಳವೆಯಲ್ಲಿ ಮಿಶ್ರಣ ತುಂಬಿ ಒಂದು ತುದಿಗೆ ಬೆಂಕಿ ಇಟ್ಟರೆ ಜ್ವಾಲೆ ಇನ್ನೊಂದು ತುದಿ ಸೇರಲು ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಒಂದು ಇಂಚಿನ ಏಳನೇ ಒಂದು ಭಾಗ ಅಗಲದ ಕೊಳವೆಯಲ್ಲಿ ಯಾವ ಮಿಶ್ರಣವೂ ಸಿಡಿಯಲಿಲ್ಲ. ಲೋಹದ ಕೊಳವೆ ಗಾಜಿಗಿಂತ ಚೆನ್ನಾಗಿ ಜ್ವಾಲೆಯನ್ನು ತಡೆಯಿತು. ಜ್ವಾಲೆಯೆಂದರೆ ಬೆಳಗುವಷ್ಟು ಕಾದ ಅನಿಲ, ಗೋಡೆ ಆ ಕಾವನ್ನು ಕಸಿದುಕೊಂಡರೆ ಅದು ಮುಂದಿನ ಪದರವನ್ನು ಹೊತ್ತಿಸಲಾರದು ಎಂದು ಡೇವಿ ತರ್ಕಿಸಿದ. ಹಾಗಾದರೆ ಕೊಳವೆ ಉದ್ದವಾಗಿರಬೇಕೆಂದಿಲ್ಲ. ಸಾಕಷ್ಟು ಕಿರಿದಾದ ರಂಧ್ರಗಳು ಸಾಲಾಗಿ ಇದ್ದರೆ ಸಾಕು. ತಂತಿಬಲೆಯೇ ಸಾಕು. ಚದರ ಇಂಚಿಗೆ 784 ಕಿಂಡಿಗಳಿರುವ ಬಲೆಯ ಕೊಳವೆಯೊಳಗೆ ಎಣ್ಣೆದೀಪ ಇಟ್ಟ. ಗಾಳಿ ಒಳಗೆ ಬರುತ್ತದೆ, ಅನಿಲವೂ ಬರುತ್ತದೆ, ಬಲೆಯೊಳಗೆ ಉರಿಯುತ್ತದೆ, ಹೊರಗೆ ಮಾತ್ರ ದಾಟುವುದಿಲ್ಲ. 1816ರ ಜನವರಿ 9ರಂದು ಹೆಬ್ಬರ್ನ್ ಗಣಿಯಲ್ಲಿ ಅದರ ಪರೀಕ್ಷೆ ನಡೆಯಿತು.

ಈ ದೀಪವನ್ನು ವಿಜ್ಞಾನವು ಕೈಗಾರಿಕೆಗೆ ಇಳಿದ ಮಾದರಿಯೆಂದು ವರ್ಣಿಸುವುದು ರೂಢಿ. ಅದನ್ನು ತಿರುಗಿಸಿ ಓದಬೇಕೆಂದು ನನಗನಿಸುತ್ತದೆ. ದೀಪಕ್ಕಾಗಿ ಮಾಡಿದ ಈ ಪ್ರಯೋಗಗಳಿಂದ ವಿಜ್ಞಾನಕ್ಕೇ ಹೊಸ ತಿಳಿವಳಿಕೆ ದಕ್ಕಿತು. ಹುಟ್ಟುವ ಕಾವಿಗೂ ಕಳೆದುಹೋಗುವ ಕಾವಿಗೂ ನಡುವಿನ ಪೈಪೋಟಿಯೇ ಬೆಂಕಿ ಎಂಬ ಮಾತು ಇಲ್ಲಿ ಮೊದಲ ಸಲ ಪ್ರಯೋಗದ ಬಲದಿಂದ ನಿಂತಿತು. ಮರುವರ್ಷವೇ ಡೇವಿ ಇನ್ನೊಂದು ವಿಸ್ಮಯ ಕಂಡ: ಬಿಸಿಮಾಡಿದ ಪ್ಲಾಟಿನಂ ತಂತಿಯನ್ನು ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಇಟ್ಟರೆ ಜ್ವಾಲೆಯೇ ಇಲ್ಲದೆ ತಂತಿ ಕೆಂಪಗೆ ಹೊಳೆಯುತ್ತಲೇ ಇರುತ್ತದೆ. ಜ್ವಾಲೆ ಇಲ್ಲದೆಯೂ ದಹನವಿದೆ. ವಾಹನಗಳ ಹೊಗೆಯನ್ನು ಶುದ್ಧಗೊಳಿಸುವ ಇಂದಿನ ವೇಗವರ್ಧಕಗಳ ಕುಲಮೂಲ ಇಲ್ಲಿದೆ.

ದೀಪ ಯಾರದು ಎಂಬ ಜಗಳವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಸಂಡರ್‌ಲೆಂಡಿನ ವೈದ್ಯ ವಿಲಿಯಂ ರೀಡ್ ಕ್ಲ್ಯಾನಿ 1813ರಲ್ಲೇ ತಿದಿಯಿಂದ ಗಾಳಿ ಊದಿ ನೀರಿನ ಮೂಲಕ ಹಾಯಿಸುವ ದೀಪವನ್ನು ವಿವರಿಸಿದ್ದ. ಕಿಲ್ಲಿಂಗ್‌ವರ್ತ್ ಗಣಿಯ ಯಂತ್ರ ಕೆಲಸಗಾರ ಜಾರ್ಜ್ ಸ್ಟೀಫನ್‌ಸನ್, ಮುಂದೆ ರೈಲಿನಿಂದ ಹೆಸರಾದವನು, ಕಿರಿದಾದ ರಂಧ್ರಗಳ ತನ್ನ ದೀಪವನ್ನು 1815ರ ಅಕ್ಟೋಬರ್ 21ರಂದು ಅನಿಲವಿರುವ ಕಡೆ ಸ್ವತಃ ಹಿಡಿದು ನೋಡಿದ್ದ. ಶಾಲೆಯ ಮೆಟ್ಟಿಲು ಹತ್ತದೆ ಬೆಳೆದ ಒಬ್ಬ ಗಣಿ ಕೆಲಸಗಾರ ಇದನ್ನು ಸ್ವಂತವಾಗಿ ಕಂಡುಕೊಂಡಾನೆಂದು ಡೇವಿ ಕೊನೆಯವರೆಗೂ ನಂಬಲಿಲ್ಲ. ಪೇಟೆಂಟ್ ಬೇಡವೆಂದ ಡೇವಿಯ ಔದಾರ್ಯದ ಪಕ್ಕದಲ್ಲೇ ಈ ಅಪನಂಬಿಕೆಯನ್ನೂ ಇಟ್ಟು ನೋಡಬೇಕು. ಸ್ಟೀಫನ್‌ಸನ್‌ಗೆ ರಸಾಯನ ಸಿದ್ಧಾಂತ ತಿಳಿದಿರಲಿಲ್ಲ. ಆದರೆ ಬಿರುಕುಗಳಿಂದ ಬುಸುಗುಟ್ಟುವ ಅನಿಲಕ್ಕೆ ಬತ್ತಿ ಹಿಡಿದು, ಜ್ವಾಲೆ ಯಾವಾಗ ಓಡುತ್ತದೆ, ಯಾವಾಗ ನಿಲ್ಲುತ್ತದೆಂದು ಗಮನಿಸಿದ ವರ್ಷಗಳ ಅನುಭವ ಅವನದು.

ದೀಪದ ನಂತರದ ಸಾವುಗಳು

ದೀಪ ಬಂದಮೇಲೆ ಸಾವು ಕಡಿಮೆಯಾಯಿತೆಂದು ಭಾವಿಸುವುದು ಸಹಜ. 1835ರ ಬ್ರಿಟಿಷ್ ಸಂಸದೀಯ ಸಮಿತಿಯ ಮುಂದೆ ಬಂದ ಲೆಕ್ಕ ಬೇರೆ ಕಥೆ ಹೇಳುತ್ತದೆ. ಡರ್ಹಂ ಮತ್ತು ನಾರ್ಥಂಬರ್‌ಲೆಂಡ್ ಪ್ರಾಂತ್ಯಗಳಲ್ಲಿ ದೀಪಕ್ಕೆ ಹಿಂದಿನ 18 ವರ್ಷಗಳಲ್ಲಿ 447 ಮಂದಿ ಸತ್ತಿದ್ದರು. ದೀಪ ಬಂದ ಮೇಲಿನ 18 ವರ್ಷಗಳಲ್ಲಿ 538 ಮಂದಿ. ಉತ್ಪಾದನೆ ಹೆಚ್ಚಿತ್ತು, ಜನ ಹೆಚ್ಚಿದ್ದರು ಎಂಬುದು ನಿಜ. ಅದಕ್ಕಿಂತ ಕಹಿಯಾದ ಕಾರಣವೆಂದರೆ, ಹಿಂದೆ ಅಪಾಯವೆಂದು ಕೈಬಿಟ್ಟಿದ್ದ ಅನಿಲಭರಿತ ಪದರಗಳಿಗೆ ಮಾಲೀಕರು ದೀಪದ ನೆಪದಲ್ಲಿ ಜನರನ್ನು ಇಳಿಸಿದರು. ಗಾಳಿಯಾಡುವಂತೆ ಬಾವಿ ತೋಡುವುದಕ್ಕಿಂತ ದೀಪ ಕೊಳ್ಳುವುದು ಅಗ್ಗವಾಗಿತ್ತು.

ದೀಪಕ್ಕೂ ಮಿತಿ ಇತ್ತು. ಸೆಕೆಂಡಿಗೆ ಐದಾರು ಅಡಿಗಿಂತ ಜೋರಾಗಿ ಗಾಳಿ ಬೀಸಿದರೆ ಜ್ವಾಲೆ ಬಲೆಗೆ ಒತ್ತಿಕೊಂಡು, ತಂತಿ ಕೆಂಪಾಗಿ, ಉರಿ ಹೊರಕ್ಕೆ ದಾಟುತ್ತಿತ್ತು. ಕಾವು ಕಸಿಯಬೇಕಾದ ಬಲೆಯೇ ಕಾದುಹೋದರೆ ಅದು ಬಲೆಯಾಗಿ ಉಳಿಯುವುದಿಲ್ಲ. ಗಣಿಗೆ ಒಳ್ಳೆಯ ಗಾಳಿ ಹರಿಸಿದಷ್ಟೂ ಡೇವಿ ದೀಪ ಅಪಾಯಕಾರಿಯಾಯಿತು. ಬೆಲ್ಜಿಯಂನ ಮ್ಯೂಸೆಲರ್, ಫ್ರಾನ್ಸಿನ ಮಾರ್ಸೊ ಮೊದಲಾದವರ ಸುಧಾರಿತ ದೀಪಗಳು ಈ ದೋಷವನ್ನು ತಿದ್ದಲು ಹುಟ್ಟಿದವು.

ಇನ್ನೊಂದು ಇಂಧನವನ್ನು ಯಾರೂ ಗಮನಿಸಿರಲಿಲ್ಲ. 1844ರ ಸೆಪ್ಟೆಂಬರ್ 28ರಂದು ಹ್ಯಾಸ್ವೆಲ್ ಗಣಿಯಲ್ಲಿ 95 ಮಂದಿ ಸತ್ತಾಗ ಸರ್ಕಾರ ಫ್ಯಾರಡೆಯನ್ನೂ ಭೂವಿಜ್ಞಾನಿ ಚಾರ್ಲ್ಸ್ ಲಯಲ್‌ನನ್ನೂ ಅಲ್ಲಿಗೆ ಕಳಿಸಿತು. ಗಣಿಯ ಕಂಬಗಳ ಒಂದು ಮಗ್ಗುಲಿಗೆ ಅರೆಬೆಂದ ಕಲ್ಲಿದ್ದಲಿನ ಪುಡಿ ಅಂಟಿದ್ದನ್ನು ಅವರು ಕಂಡರು. ನೆಲದ ಧೂಳೇ ಎದ್ದು ಉರಿದಿದೆ ಎಂದು ಬರೆದರು. ಕಲ್ಲಿದ್ದಲಿನ ಗಟ್ಟಿ ಉರಿಯಲು ಹೊತ್ತು ಹಿಡಿಯುತ್ತದೆ. ಅದೇ ನುಣ್ಣನೆಯ ಪುಡಿಯಾಗಿ ಗಾಳಿಯಲ್ಲಿ ತೇಲಿದರೆ ಪ್ರತಿ ಕಣಕ್ಕೂ ಸುತ್ತಲೂ ಆಮ್ಲಜನಕ ಸಿಗುತ್ತದೆ, ಕಾವು ಒಳಗೆ ಇಂಗಿಹೋಗಲು ಜಾಗವಿರುವುದಿಲ್ಲ. ಈ ವರದಿ ದಶಕಗಳ ಕಾಲ ಧೂಳು ತಿಂದಿತು. 1906ರ ಮಾರ್ಚ್ 10ರಂದು ಫ್ರಾನ್ಸಿನ ಕೂರಿಯೇರ್ ಗಣಿಗಳಲ್ಲಿ ಧೂಳಿನ ಸ್ಫೋಟಕ್ಕೆ 1,099 ಮಂದಿ ಬಲಿಯಾದ ಮೇಲೆ ಯಾರಿಗೂ ಅದನ್ನು ಅಲ್ಲಗಳೆಯಲಾಗಲಿಲ್ಲ. ಯಾರ್ಕ್‌ಷೈರಿನ ವಿಲಿಯಂ ಗಾರ್ಫೋರ್ತ್, 1886ರ ಆಲ್ಟಫ್ಟ್ಸ್ ಸ್ಫೋಟ ಕಲ್ಲಿನ ಪುಡಿ ಬಿದ್ದ ಕಡೆ ನಿಂತುಹೋದದ್ದನ್ನು ನೋಡಿ, 1908ರಿಂದ ಪ್ರಯೋಗ ಮಾಡಿ, ಕಲ್ಲಿದ್ದಲ ಧೂಳಿನ ಮೇಲೆ ಕಲ್ಲುಪುಡಿ ಎರಚುವ ಪದ್ಧತಿಯನ್ನು ತಂದ. ಕಲ್ಲುಪುಡಿ ಉರಿಯುವುದಿಲ್ಲ, ಕಾವು ಕುಡಿಯುತ್ತದೆ. ಡೇವಿ ಸಾರಜನಕದಿಂದ ಮಾಡಿ ತೋರಿಸಿದ್ದನ್ನು ಗಾರ್ಫೋರ್ತ್ ಕಲ್ಲುಪುಡಿಯಿಂದ ಮಾಡಿದ.

ಹೊತ್ತು ಮತ್ತು ಸರಪಳಿ

ಚಕಮಕಿ ಯಂತ್ರದ ಒಗಟಿನ ಉಳಿದರ್ಧ ಬಿಡಿಸಿದವರು ಪ್ಯಾರಿಸಿನ ಗಣಿ ವಿದ್ಯಾಲಯದ ಅರ್ನೆಸ್ಟ್ ಮಲ್ಲಾರ್ ಮತ್ತು ಹೆನ್ರಿ ಲ ಶಾತಲಿಯೆ. ಫ್ರೆಂಚ್ ಸರ್ಕಾರ ಗಣಿ ಅನಿಲದ ಅಧ್ಯಯನಕ್ಕೆಂದು ನೇಮಿಸಿದ ಆಯೋಗಕ್ಕಾಗಿ ಕೆಲಸ ಮಾಡುತ್ತಾ, ಮೀಥೇನ್ ಮಿಶ್ರಣ ಸುಮಾರು 650 ಡಿಗ್ರಿ ಸೆಲ್ಸಿಯಸ್‌ಗೆ ಹೊತ್ತುತ್ತದೆಂದು ಅಳೆದರು. ಅದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದು ಶೋಧ: ಆ ಕಾವಿಗೆ ಬಂದ ತಕ್ಷಣ ಅದು ಹೊತ್ತುವುದಿಲ್ಲ, ಸುಮಾರು ಹತ್ತು ಸೆಕೆಂಡು ಕಾಯುತ್ತದೆ. ಕಾವು ಏರಿದಂತೆ ಈ ವಿಳಂಬ ಕಡಿಮೆಯಾಗುತ್ತದೆ. ಕಿಡಿಯೊಂದು ಅಷ್ಟರೊಳಗೆ ತಣ್ಣಗಾದರೆ ಅಪಾಯವಿಲ್ಲ, ಆಗದಿದ್ದರೆ ಇದೆ. ಗಣಿಯಲ್ಲಿ ಬಳಸುವ ಸಿಡಿಮದ್ದಿನ ಸುರಕ್ಷತೆ ನಿಂತಿರುವುದೂ ಇದರ ಮೇಲೆ. ಮದ್ದು ಸಿಡಿದಾಗ ಹೊರಡುವ ಅನಿಲ ಹಿಗ್ಗಿ ಕ್ಷಣಾರ್ಧದಲ್ಲಿ ತಣಿಯುವಂತಿದ್ದರೆ, ಸುತ್ತಲಿನ ಮೀಥೇನಿಗೆ ಹೊತ್ತಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಆ ವಿಳಂಬದಲ್ಲಿ ಒಳಗೆ ನಡೆಯುವುದೇನು? ಉತ್ತರ 1926ರಲ್ಲಿ ಲೆನಿನ್‌ಗ್ರಾಡಿನಿಂದ ಬಂತು. ನಿಕೊಲಾಯ್ ಸೆಮ್ಯೊನೊವ್‌ನ ಪ್ರಯೋಗಾಲಯದಲ್ಲಿ ಯೂಲಿ ಖಾರಿಟನ್ ಮತ್ತು ವಾಲ್ಟಾ ರಂಜಕದ ಆವಿಯನ್ನು ಆಮ್ಲಜನಕದಲ್ಲಿ ಉರಿಸುತ್ತಿದ್ದರು. ಆಮ್ಲಜನಕದ ಒತ್ತಡ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಉರಿಯೇ ಇಲ್ಲ. ಮಟ್ಟ ದಾಟಿದರೆ ಒಮ್ಮೆಗೇ ಬೆಳಗುತ್ತದೆ. ಇನ್ನೂ ಅಚ್ಚರಿಯೆಂದರೆ, ಕೆಳಗಿನ ಒತ್ತಡದಲ್ಲೂ ಆರ್ಗಾನ್ ಸೇರಿಸಿದರೆ ಉರಿ ಹತ್ತುತ್ತದೆ. ಯಾವುದರೊಡನೆಯೂ ಕೂಡದ ಆರ್ಗಾನ್ ಬೆಂಕಿ ಹತ್ತಿಸುವುದೆಂದರೇನು? ಜರ್ಮನಿಯ ಮಾಕ್ಸ್ ಬೋಡನ್‌ಸ್ಟೈನ್ ಇದು ಪ್ರಯೋಗದ ದೋಷವೆಂದ. ಸೆಮ್ಯೊನೊವ್ ಪ್ರಯೋಗವನ್ನು ಮತ್ತೆ ಮಾಡಿ, ಫಲಿತಾಂಶ ಸರಿಯೆಂದು ಕಂಡು, ವಿವರಣೆಯನ್ನೂ ಕೊಟ್ಟ. ಉರಿಯೊಳಗೆ ಅಲ್ಪಾಯುಷಿಗಳಾದ ಚುರುಕು ಕಣಗಳು ಹುಟ್ಟುತ್ತವೆ, ಒಂದು ಕಣ ಪ್ರತಿಕ್ರಿಯಿಸಿ ಒಂದಕ್ಕಿಂತ ಹೆಚ್ಚು ಕಣಗಳನ್ನು ಹುಟ್ಟಿಸುತ್ತದೆ, ಸರಪಳಿ ಕವಲೊಡೆಯುತ್ತದೆ. ಪಾತ್ರೆಯ ಗೋಡೆಗೆ ತಾಗಿದ ಕಣ ಸಾಯುತ್ತದೆ. ಒತ್ತಡ ಕಡಿಮೆಯಿದ್ದಾಗ ಕಣಗಳು ಬೇಗ ಗೋಡೆ ಮುಟ್ಟುತ್ತವೆ. ಆರ್ಗಾನ್ ದಾರಿಗಡ್ಡ ನಿಂತು ಆ ಪಯಣವನ್ನು ನಿಧಾನಿಸುತ್ತದೆ, ಅಷ್ಟರೊಳಗೆ ಸರಪಳಿ ಬೆಳೆದುಬಿಡುತ್ತದೆ. ಈ ಕೆಲಸಕ್ಕಾಗಿ ಆಕ್ಸ್‌ಫರ್ಡಿನ ಸಿರಿಲ್ ಹಿನ್‌ಶೆಲ್‌ವುಡ್‌ನೊಡನೆ ಅವನಿಗೆ 1956ರ ನೊಬೆಲ್ ಬಂತು.

1928ರಲ್ಲಿ ಸೆಮ್ಯೊನೊವ್ ಕಾವಿನ ಪೈಪೋಟಿಯನ್ನೂ ಗಣಿತಕ್ಕೆ ಇಳಿಸಿದ. ಕಾವು ಏರಿದಂತೆ ಪ್ರತಿಕ್ರಿಯೆ ಹುಟ್ಟಿಸುವ ಶಾಖ ಗುಣಾಕಾರದಲ್ಲಿ ಏರುತ್ತದೆ. ಹೊರಗೆ ಹೋಗುವ ಶಾಖ ಸಮಪ್ರಮಾಣದಲ್ಲಷ್ಟೇ ಏರುತ್ತದೆ. ಮೊದಲನೆಯದು ಎರಡನೆಯದನ್ನು ಮೀರಿದ ಬಿಂದುವೇ ಹೊತ್ತಿಕೊಳ್ಳುವ ಬಿಂದು. ಆದ್ದರಿಂದ ಹೊತ್ತಿಕೊಳ್ಳುವ ಕಾವು ವಸ್ತುವೊಂದರದೇ ಗುಣವಲ್ಲ. ರಾಶಿ ಎಷ್ಟು ದೊಡ್ಡದು, ಶಾಖ ತಪ್ಪಿಸಿಕೊಳ್ಳಲು ದಾರಿ ಎಷ್ಟಿದೆ ಎಂಬುದೂ ಅದರಲ್ಲಿ ಸೇರಿದೆ. ಹಸಿ ಆರದ ಹುಲ್ಲನ್ನು ಬಣವೆ ಒಟ್ಟಿದರೆ ನಡುವೆ ಕಾವೇರುತ್ತದೆ, ಒಮ್ಮೊಮ್ಮೆ ಕಿಡಿಯಿಲ್ಲದೆಯೇ ಹೊತ್ತುತ್ತದೆ ಎಂಬುದು ನಮ್ಮ ರೈತರಿಗೆ ಗೊತ್ತು. ಜಾರ್ಖಂಡಿನ ಝರಿಯಾದಲ್ಲಿ 1916ರಿಂದ ನೆಲದಡಿಯ ಕಲ್ಲಿದ್ದಲು ಉರಿಯುತ್ತಲೇ ಇರುವುದರ ಹಿಂದೆಯೂ ಇದೇ ಲೆಕ್ಕವಿದೆ.

ನಮ್ಮ ಕಡೆ

ಭಾರತದ ಗಣಿಗಳು ಈ ಚರಿತ್ರೆಯ ಹೊರಗಿಲ್ಲ. 1958ರ ಫೆಬ್ರುವರಿಯಲ್ಲಿ ಬಂಗಾಳದ ಚಿನಾಕುರಿ, 1965ರ ಮೇ 28ರಂದು ಆಗಿನ ಬಿಹಾರದ ಧೋರಿ ಗಣಿಗಳಲ್ಲಿ ಸ್ಫೋಟಗಳಾದವು. ಧೋರಿಯಲ್ಲಿ 268 ಮಂದಿ ಸತ್ತರು. ಗಾಳಿಯಲ್ಲಿ ಮೀಥೇನ್ ಶೇ. 1.25 ಮುಟ್ಟಿದರೆ ಕೆಲಸಗಾರರನ್ನು ಹೊರಗೆ ಕಳಿಸಬೇಕೆಂದು ನಮ್ಮ ಗಣಿ ನಿಯಮ ಹೇಳುತ್ತದೆ. ಸ್ಫೋಟದ ಕೆಳಮಿತಿ ಶೇ. 5. ಅದರ ಕಾಲುಭಾಗದಲ್ಲೇ ಎಚ್ಚರ. ಈ ಎಚ್ಚರಿಕೆಯನ್ನು ಬಹುಕಾಲ ಕೊಟ್ಟದ್ದು ಸುರಕ್ಷಾ ದೀಪವೇ: ಬತ್ತಿ ತಗ್ಗಿಸಿದಾಗ ಜ್ವಾಲೆಯ ತಲೆಯ ಮೇಲೆ ಕಾಣುವ ನಸುನೀಲಿ ಟೋಪಿಯ ಎತ್ತರ ನೋಡಿ ಅನಿಲವೆಷ್ಟೆಂದು ಹೇಳುತ್ತಿದ್ದರು. ಬೆಳಕಿಗಾಗಿ ಹುಟ್ಟಿದ ದೀಪ, ವಿದ್ಯುತ್ ದೀಪ ಬಂದಮೇಲೆ ಅಳತೆಗೋಲಾಗಿ ಉಳಿಯಿತು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ, ಆದರೆ ಅದೇ ಅನಿಲ ಹಳ್ಳಿಯ ಅಡುಗೆಮನೆಗಳಲ್ಲಿದೆ. ಗೋಬರ್ ಗ್ಯಾಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್, ಡೇವಿ ಸ್ಫೋಟ ತಡೆಯಲು ಬೆರೆಸಿದ ಅದೇ ಅನಿಲ. ಇದರ ಉರಿ ನಿಧಾನವಾಗಿ ಓಡುವುದು ಅದರಿಂದ. ಒಲೆಯ ತೂತುಗಳ ಅಳತೆ ಅಡುಗೆ ಅನಿಲದ ಒಲೆಯದಕ್ಕಿಂತ ಬೇರೆಯಾಗಿರಬೇಕಾದ್ದೂ ಅದರಿಂದಲೇ. ಉರಿ ತೂತಿನ ಮೂಲಕ ಹಿಂದಕ್ಕೆ ಕೊಳವೆಯೊಳಗೆ ಇಳಿಯದಿರುವುದು, 1815ರಲ್ಲಿ ಗಾಜಿನ ಕೊಳವೆಯಲ್ಲಿ ಜ್ವಾಲೆ ನಿಂತ ಕಾರಣದಿಂದಲೂ ಹೌದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು ಕಟ್ಟಿದ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿನ ಸಗಣಿಯಿಂದ ಅನಿಲ ತೆಗೆದು ಎಂಜಿನ್ ಓಡಿಸಿ, 1987ರಿಂದ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿತು. ಆ ಎಂಜಿನ್ ಎರಡು ಇಂಧನಗಳದು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ಕಾಯಿಸಿದಾಗ ಡೀಸೆಲ್ ತಾನಾಗಿ ಹೊತ್ತುತ್ತದೆ. ಅದೇ ಕಾವಿಗೆ ಮೀಥೇನ್ ಹೊತ್ತುವುದಿಲ್ಲ. ಆದ್ದರಿಂದ ಪ್ರತಿ ಸುತ್ತಿಗೂ ಒಂದಿಷ್ಟು ಡೀಸೆಲ್ ಸಿಂಪಡಿಸಿ, ಅದರ ಜ್ವಾಲೆಯಿಂದ ಮೀಥೇನಿಗೆ ಬೆಂಕಿ ಹಚ್ಚಬೇಕು. ಕೆಂಡಕ್ಕೆ ಹೊತ್ತದ ಅನಿಲಕ್ಕೆ ಜ್ವಾಲೆಯೇ ಬೇಕೆಂದು ಡೇವಿ ಗುರುತಿಸಿದ ಗುಣ ಗಣಿಯಲ್ಲಿ ಜೀವ ಉಳಿಸಿತ್ತು; ಪುರದಲ್ಲಿ ಅದೇ ಗುಣದಿಂದಾಗಿ ಊರವರು ಸಗಣಿಯ ಜೊತೆ ಡೀಸೆಲನ್ನೂ ಹೊಂದಿಸಬೇಕಾಯಿತು.